ಇವತ್ತಿನ ಸ್ಪೆಷಲ್

ಎರಡನೆಯ ಮಹಡಿಯ ಬಾಗಿಲ ಪಕ್ಕದಲ್ಲಿ ಮೊಳೆ ಇನ್ನೂ ಇದೆ. ಹಲಗೆ ಇಲ್ಲ. ಹಲಗೆ ತೂಗುಹಾಕುತ್ತಿದ್ದವರು ತೀರಿಕೊಂಡು ಒಂದೂವರೆ ತಿಂಗಳಾಯಿತು. ಮೂರನೆಯ ಮಹಡಿಯ ನನ್ನ ಮನೆಗೆ ಹತ್ತುವಾಗ ದಿನವೂ ಆ ಮೊಳೆಯ ಮೇಲೆ ಕಣ್ಣು ಹೋಗುತ್ತದೆ.

ನಾಳೆ ಭಾನುವಾರ. ಅವರ ಮೊಮ್ಮಗಳು ಕಾಮೋಠೆಯಿಂದ ಮನೆ ಖಾಲಿ ಮಾಡಲು ಬರುತ್ತಾಳೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳು ಆಪತ್ತಿನಲ್ಲಿ ಸಿಕ್ಕಿಕೊಂಡು ಅಜ್ಜನಿಗೆ ಫೋನ್ ಮಾಡಿದ್ದಳು. ಆ ಕರೆಯನ್ನು ಇಲ್ಲಿಂದ ಕಟ್ ಮಾಡಲಾಯಿತು. ಮಾಡಲಾಯಿತು ಎಂದು ಬರೆದಿದ್ದೇನೆ, ನೋಡಿ. ಯಾರು ಮಾಡಿದರು, ಯಾರು ಮಾಡಿ ಎಂದರು, ಅದನ್ನು ಅವಳು ನಾಳೆ ಕೇಳಬಹುದು. ಆಗ ಆ ಕೋಣೆಯಲ್ಲಿ ಅವರಿದ್ದರು, ನಾನಿದ್ದೆ. ಉತ್ತರ ನನಗೆ ನಿಜವಾಗಿಯೂ ನೆನಪಿಲ್ಲವೋ, ನೆನಪಿಲ್ಲವೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೇನೋ ತಿಳಿಯದು. ಬರೆದರೆ ತಿಳಿದೀತೇನೋ ಎಂದು ಕಾಲೇಜಿನಿಂದ ಬಂದವಳೇ ಕೂತಿದ್ದೇನೆ.

ಅವರ ಹೆಸರು ಬೇಡ. ಕಟ್ಟಡಕ್ಕೆಲ್ಲ ಅವರು ಮಾಮಾ. ಉಡುಪಿಯ ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಬಂದು, ವಾಶಿಯ ಮಾರ್ಕೆಟ್ಟಿನ ಹತ್ತಿರದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಬಡಿಸಿ, ಕಡೆಗೆ ಗಲ್ಲಾದ ಮೇಲೆ ಕೂತವರು. ನಮ್ಮ ಈ ಡೊಂಬಿವಲಿಯಿಂದ ಠಾಣೆ, ಠಾಣೆಯಿಂದ ವಾಶಿ ಎಂದು ದಿನವೂ ಎರಡು ಲೋಕಲ್ ಹಿಡಿದು ಹೋಗಿ ಬಂದವರು. ಗಲ್ಲಾದಲ್ಲಿ ಕೂತ ಅಭ್ಯಾಸದಿಂದ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. 'ಕೈಯಲ್ಲಿ ಎಂತ ಉಂಟು ನೋಡಿದ್ರೆ ಸಾಕು ಟೀಚ್ರೆ, ಮುಖ ಆಮೇಲೆ' ಎನ್ನುತ್ತಿದ್ದರು. ನನ್ನ ಕೈಯಲ್ಲಿ ಯಾವಾಗಲೂ ಉತ್ತರಪತ್ರಿಕೆಗಳ ಕಟ್ಟು. ಹಾಗಾಗಿ ಟೀಚ್ರೆ. ನಾನು ಠಾಣೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ, ಲೆಕ್ಚರರ್ ಎಂದು ಎರಡು ಸಲ ತಿದ್ದಿದೆ. 'ಹೌದೌದು, ಲೆಕ್ಚರರ್ ಟೀಚ್ರೆ' ಎಂದರು.

ಆ ಹೋಟೆಲು ಹೊಸ ಮಾಲೀಕರ ಕೈಗೆ ಹೋಗಿ ಗೋಡೆಗೆ ಬಣ್ಣದ ಪರದೆಗಳು ಬಂದಾಗ ಅವರು ನಿವೃತ್ತರಾದರು. ಬರುವಾಗ ಕೇಳಿ ತಂದದ್ದು ಒಂದೇ ವಸ್ತು: ಬಾಗಿಲಲ್ಲಿ ನಿಲ್ಲಿಸುತ್ತಿದ್ದ ಕರಿಹಲಗೆ. ಅದರ ತಲೆಯ ಮೇಲೆ ಹಳದಿ ಬಣ್ಣದಲ್ಲಿ 'ಇವತ್ತಿನ ಸ್ಪೆಷಲ್' ಎಂದು ಬರೆದಿತ್ತು. ಅದನ್ನು ಮನೆಯ ಹೊರಗೆ ತೂಗುಹಾಕಿದರು. ಮೊದಲ ದಿನ ನಾವೆಲ್ಲ ಅವರು ಮನೆಯಲ್ಲೇ ಮೆಸ್ ಶುರುಮಾಡುತ್ತಾರೆ ಎಂದುಕೊಂಡೆವು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೀಗಿತ್ತು:

'ಜಪಾನಿನಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಯಂತ್ರದ ಬಾಲ ಬಂದಿದೆ. ಮುದುಕರು ಬೀಳುವುದಿಲ್ಲವಂತೆ. ನಮ್ಮ ಲೋಕಲ್‌ನಲ್ಲಿ ಬಾಲಕ್ಕೆ ಜಾಗ ಇಲ್ಲ.'

ಅಲ್ಲಿಂದ ಸುಮಾರು ಆರು ವರ್ಷ, ದಿನಕ್ಕೊಂದು. ಬೆಳಗ್ಗೆ ಸ್ನಾನ ಮುಗಿಸಿ ಇಂಟರ್ನೆಟ್ಟಿನಲ್ಲಿ ಹುಡುಕಾಟ. ಹಾಡು ಮುಗಿಯುವವರೆಗೆ ಹಲ್ಲುಜ್ಜಲೇಬೇಕೆಂದು ಹಟಹಿಡಿಯುವ ಬ್ರಶ್. ನಾಯಿಗೆ ವೀಡಿಯೋ ಕಾಲ್ ಮಾಡುವ ಯಂತ್ರ. ಕೊರಿಯಾದಲ್ಲಿ ಒಬ್ಬ ಹಾಡುಗಾರ್ತಿ, ಅಂಥ ಹುಡುಗಿ ಈ ಲೋಕದಲ್ಲೇ ಇಲ್ಲ, ಕಂಪ್ಯೂಟರಿನ ಸೃಷ್ಟಿ, ಆದರೂ ಅವಳ ಹುಟ್ಟುಹಬ್ಬಕ್ಕೆ ಜನ ಕೇಕ್ ಕತ್ತರಿಸುತ್ತಾರೆ. ಮೇಲೆ ಕನ್ನಡದಲ್ಲಿ, ಕೆಳಗೆ ಮರಾಠಿಯಲ್ಲಿ ಬರೆಯುತ್ತಿದ್ದರು. ಮರಾಠಿ ಆಮೇಲೆ ಸೇರಿದ್ದು, ನೆಲಮಹಡಿಯ ಕಾಕು ಜಗಳವಾಡಿದ ಮೇಲೆ. ಮೊಣಕಾಲು ನೋವಿನ ಆ ಹೆಂಗಸು ಹಲಗೆ ಓದಲೆಂದೇ ಎರಡು ಮಹಡಿ ಹತ್ತಿ ಬಂದು, 'ಕಾಯ್ ಹೋ, ನುಸ್ತಂ ತುಮ್ಚ್ಯಾ ಲೋಕಾಂನೀಚ್ ಹಸಾಯ್ಚಂ ಕಾ?' ಎಂದಿದ್ದಳು. ನಿಮ್ಮವರು ಮಾತ್ರ ನಗಬೇಕಾ ಎಂದು. ಮರುದಿನದಿಂದ ಎರಡು ಭಾಷೆ.

ಒಂದನ್ನೂ ಕೊಳ್ಳುತ್ತಿರಲಿಲ್ಲ. 'ಯಾಕ್ರಿ ಮಾಮಾ, ಒಂದಾದರೂ ತರಿಸ್ರಿ' ಎಂದರೆ, 'ತಿನ್ನುದು ಬೇಡ ಮಾರಾಯ್ತಿ, ಮೆನು ಓದಿದ್ರೆ ಹೊಟ್ಟೆ ತುಂಬ್ತದೆ' ಎನ್ನುವರು. ಹೆಂಡತಿ ತೀರಿಕೊಂಡ ವರ್ಷವೇ ಟೀವಿಯನ್ನು ವಾಚ್‌ಮನ್‌ಗೆ ಕೊಟ್ಟುಬಿಟ್ಟಿದ್ದರು. ಅದರಲ್ಲಿ ಚಾನೆಲ್‌ನವರು ಬಡಿಸಿದ್ದನ್ನು ನಾವು ತಿನ್ನಬೇಕು, ಇದರಲ್ಲಿ ನಮ್ಮ ಆರ್ಡರು ಎಂದು ಮೊಬೈಲ್ ತೋರಿಸಿದ್ದರು. ಟೀವಿ ಇದ್ದ ಜಾಗದಲ್ಲಿ ಹೆಂಡತಿಯ ಫೋಟೋ ಬಂತು.

ಒಮ್ಮೆ ನನ್ನನ್ನು ಕರೆದು ಒಂದು ಸದ್ದು ಕೇಳಿಸಿದರು. ಹಳೆಯ ಯಂತ್ರಗಳ ಸದ್ದುಗಳನ್ನು ಯಾರೋ ಕೂಡಿಟ್ಟ ಪುಟ ಅದು. ಟೈಪ್‌ರೈಟರು, ಡಯಲ್ ತಿರುಗಿಸುವ ಫೋನು, ಕೊನೆಗೆ ಗಲ್ಲಾದ ಪೆಟ್ಟಿಗೆ ತೆರೆಯುವಾಗಿನ 'ಟಿಂಗ್'. ಅದನ್ನು ಮೂರು ಸಲ ಹಾಕಿದರು. ಮೂರನೆಯ ಸಲ ಕಣ್ಣು ಮುಚ್ಚಿಕೊಂಡಿದ್ದರು, ಬಲಗೈ ತಾನಾಗಿ ಮುಂದೆ ಬಂದು ಇಲ್ಲದ ಪೆಟ್ಟಿಗೆಯನ್ನು ಒಳಗೆ ದಬ್ಬಿತು. ಇದು ನನ್ನ ಡೈರಿಯಲ್ಲಿಲ್ಲ, ನೆನಪಿನಿಂದ ಬರೆಯುತ್ತಿದ್ದೇನೆ. ಕೈ ಮುಂದೆ ಬಂದದ್ದು ನಾನು ಕಂಡದ್ದೋ, ಇವತ್ತು ಸೇರಿಸಿದ್ದೋ, ಪ್ರಮಾಣ ಮಾಡಿ ಹೇಳಲಾರೆ.

ಆದರೆ ಮುಂದಿನದು ಡೈರಿಯಲ್ಲಿದೆ. ಅವರಿಗೆ ಆ ಆಟ ತೋರಿಸಿದವಳು ನಾನು.

ಕಾಲೇಜಿನಲ್ಲಿ ಹುಡುಗಿಯರು ಆಡುತ್ತಿದ್ದರು. ಯಾರದಾದರೂ ಮಾತನ್ನು ಒಂದು ಕ್ಷಣ ರೆಕಾರ್ಡ್ ಮಾಡಿಕೊಂಡರೆ, ಆಮೇಲೆ ನಾವು ಬರೆದದ್ದನ್ನೆಲ್ಲ ಅವರದೇ ದನಿಯಲ್ಲಿ ಓದುತ್ತಿತ್ತು. ಅವರ ಹಲಗೆಗೆ ಹೇಳಿಮಾಡಿಸಿದ ವಸ್ತು ಎಂದು ನಾನೇ ಉತ್ಸಾಹದಿಂದ ಇಳಿದು ಹೋದೆ. ಹವಾ, ಈರುಳ್ಳಿ, ಸೊಸೈಟಿಯ ನೀರು ಎಂದು ಅವರನ್ನು ಮಾತಾಡಿಸಿ ರೆಕಾರ್ಡ್ ಮಾಡಿದೆ. ಬರೆದು ಒತ್ತಿದೆ. ನನ್ನ ಫೋನಿನಿಂದ ಅವರ ದನಿ ಬಂತು: 'ಎರಡು ಮಸಾಲೆ, ಒಂದು ಸೆಟ್, ಟೀಚ್ರ ಹತ್ರ ದುಡ್ಡು ತಗೋಬೇಡಿ.'

ಬಿದ್ದು ಬಿದ್ದು ನಕ್ಕರು. ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲ ನಗು ಅರ್ಧಕ್ಕೆ ನಿಂತಿತು.

'ಟೀಚ್ರೆ, ಇದನ್ನು ನಾನು ಹೇಳಿದ್ದಾ?'

'ಇಲ್ರಿ ಮಾಮಾ, ಯಂತ್ರ ಹೇಳಿದ್ದು.'

'ಹಾಗಾದ್ರೆ ನಾಳೆ ನಾನು ಹೇಳಿದ್ದನ್ನು ನಾನು ಹೇಳಿದ್ದಲ್ಲ ಅಂತ ಯಾರಾದ್ರೂ ಹೇಳ್ಬಹುದು. ಅಲ್ವಾ?'

ಇತಿಹಾಸ ಓದಿದ ನನಗೆ ಹೊಳೆಯದ್ದು ಅವರಿಗೆ ಹೊಳೆಯಿತು. ಮರುದಿನದ ಹಲಗೆಯಲ್ಲಿ ಅದು ಬರಲಿಲ್ಲ. ಗಡಿಯಾರ ಹಾಕಿದ ಟೋಪಿಯ ಸಂಗತಿ ಬಂತು.

ಅಲ್ಲಿಂದ ಅವರ ಹುಡುಕಾಟ ಬೇರೆ ದಾರಿ ಹಿಡಿಯಿತು. ಮಗನ ದನಿಯಲ್ಲಿ ಅತ್ತು ತಾಯಿಯನ್ನು ಮೋಸಮಾಡಿದ ವೀಡಿಯೋ, ಮಗಳ ದನಿಯಲ್ಲಿ 'ಆಕ್ಸಿಡೆಂಟ್ ಆಗಿದೆ, ಆಸ್ಪತ್ರೆಯಲ್ಲಿದ್ದೇನೆ' ಎಂದ ವೀಡಿಯೋ. ಒಂದು ನೋಡಿದರೆ ಮೊಬೈಲು ತಾನಾಗಿ ಹತ್ತು ಬಡಿಸುತ್ತಿತ್ತು. ಫೋನ್ ಎತ್ತಿದರೆ ಹಲೋ ಎನ್ನುವುದನ್ನು ಬಿಟ್ಟರು, ಆ ಕಡೆಯವರು ಮಾತಾಡುವವರೆಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಮೊಬೈಲಿನ ಕ್ಯಾಮೆರಾಕ್ಕೆ ಒಂದು ಕೆಂಪು ಬಿಂದಿ ಅಂಟಿಸಿದರು. ಹೆಂಡತಿಯ ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಬಿಂದಿ. 'ಅವಳು ಕಾವಲು' ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ನನಗೂ ಒಳಗೊಳಗೆ ಭಯ ಹತ್ತಿದ್ದು ಆಗಲೇ. ಇಡೀ ಕಟ್ಟಡಕ್ಕೆ ನಗು ಹಂಚುತ್ತಿದ್ದ ಮನುಷ್ಯ ಹೆದರಿದರೆ ಉಳಿದವರಿಗೆ ಆಸರೆ ಎಲ್ಲಿ?

ಮನೆಯವರಿಗೆ ಒಂದು ಗುಟ್ಟಿನ ಪ್ರಶ್ನೆ ಬೇಕೆಂದರು. ಗಂಡಾಂತರವೆಂದು ಯಾರೇ ಕರೆ ಮಾಡಿದರೂ ಅದನ್ನು ಕೇಳುವುದು, ಉತ್ತರ ಬಾರದಿದ್ದರೆ ಫೋನ್ ಇಡುವುದು. ತುಳುವಿನಲ್ಲಿ ಏನಾದರೂ ಕೇಳಿ ಎಂದೆ. 'ಮಗಳಿಗಾದ್ರೆ ಆಗ್ತದೆ. ಅವಳ ಮಗಳು, ನನ್ನ ಪುಳ್ಳಿಗೆ ತುಳು ಎಲ್ಲಿ ಬರ್ತದೆ? ನಾನು ಉಂಡೆಯಾ ಅಂತ ಕೇಳಿದ್ರೆ ಹಿಂದಿಯಲ್ಲಿ ಹಾಂ ಅಜ್ಜ ಖಾ ಲಿಯಾ ಅಂತಾಳೆ' ಎಂದರು. ಕೊನೆಗೆ ಅವರೇ ಕಂಡುಹಿಡಿದ ಪ್ರಶ್ನೆ ಸುಲಭದ್ದು: ಇವತ್ತಿನ ಸ್ಪೆಷಲ್ ಏನು?

ಹಲಗೆಯ ಫೋಟೋವನ್ನು ಪ್ರತಿ ಬೆಳಗ್ಗೆ ಮನೆಯವರ ಗ್ರೂಪಿಗೆ ಹಾಕುತ್ತಿದ್ದರು. ದಿನವೂ ಬದಲಾಗುವ ಗುಟ್ಟು, ಯಾವ ಕಳ್ಳನಿಗೂ ಸಿಗದು, ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಜಾಣ ಉಪಾಯ ಎಂದು ನಾನೂ ತಲೆದೂಗಿದೆ. ಅವರ ಮೊಮ್ಮಗಳು ಆ ಗ್ರೂಪನ್ನು ಮ್ಯೂಟ್ ಮಾಡಿ ವರ್ಷವಾಗಿದೆ, ಅಜ್ಜ ಹಾಕಿದ ಒಂದನ್ನೂ ತೆರೆದು ನೋಡುವುದಿಲ್ಲ, ಪ್ರಶ್ನೆಯ ಸಂಗತಿಯನ್ನೂ ಅದೇ ಗ್ರೂಪಿನಲ್ಲಿ ಬರೆದು ತಿಳಿಸಿದ್ದರಿಂದ ಅದೂ ಅವಳಿಗೆ ಗೊತ್ತಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಆ ದಿನ ಶನಿವಾರ. ಅವರ ಮಗಳು, ಅಳಿಯ ಊರಿನಲ್ಲಿ ಮದುವೆಯೆಂದು ಬೆಳಗ್ಗೆ ಕೊಂಕಣ ಮಾರ್ಗದ ರೈಲು ಹತ್ತಿದ್ದರು. ಹತ್ತೊಂಬತ್ತರ ಹುಡುಗಿ ಪರೀಕ್ಷೆಗೆ ಓದುತ್ತ ಕಾಮೋಠೆಯ ಮನೆಯಲ್ಲಿದ್ದಾಳೆಂದು ಎಲ್ಲರ ನಂಬಿಕೆ. ಮಧ್ಯಾಹ್ನ ಎರಡರ ಸುಮಾರಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಮಾಮಾ ಸ್ಪೀಕರ್ ಹಾಕಿ, ಉಸಿರು ಬಿಗಿಹಿಡಿದು ಕೂತರು.

'ಅಜ್ಜಾ...' ಅಳು. 'ಅಜ್ಜಾ, ರಿಕ್ಷಾ ಪಲ್ಟಿ ಆಯ್ತು. ಬದ್ಲಾಪುರ್ ಮೇ ಹೂಂ. ಪೈರ್ ಟೂಟ್ ಗಯಾ ಶಾಯದ್. ಪ್ಲೀಸ್ ಆವೋ ನಾ.'

ಬದಲಾಪುರದಲ್ಲಿದ್ದೇನೆ, ಕಾಲು ಮುರಿದಿರಬೇಕು, ಬಾ ಎಂದು. ನಾವು ನೋಡಿದ ವೀಡಿಯೋಗಳಂತೆಯೇ. ಅದೇ ಅಳು, ಅದೇ ಅವಸರ, ಅದೇ ಪ್ಲೀಸ್. ಬದಲಾಪುರದಲ್ಲಿ ಅವಳಿಗೇನು ಕೆಲಸ? ಮಾಮಾ ಫೋನನ್ನು ಬಾಯಿಯ ಹತ್ತಿರ ತಂದರು. ಕೇಳಿದರು:

'ಇವತ್ತಿನ ಸ್ಪೆಷಲ್ ಎಂತ?'

'ಕ್ಯಾ?'

'ಸ್ಪೆಷಲ್. ಇವತ್ತಿನದ್ದು. ಹೇಳು.'

'ಅಜ್ಜಾ, ಕ್ಯಾ ಬೋಲ್ ರಹೇ ಹೋ? ಬಹುತ್ ದುಖ್ ರಹಾ ಹೈ, ತುಂಬಾ ನೋವು...'

ಇಲ್ಲಿ ನನ್ನ ನೆನಪು ಕೈಕೊಡುತ್ತದೆ. ಮೊದಮೊದಲು ನೆನೆಸಿಕೊಂಡಾಗ ನಾನು ಸೋಫಾದ ಮೇಲೆ ಅವರ ಪಕ್ಕದಲ್ಲೇ ಕೂತಿದ್ದೆ. ಆರು ತಿಂಗಳ ನಂತರ ನೆನೆದಾಗ ಬಾಗಿಲ ಹತ್ತಿರ ನಿಂತಿದ್ದೆ. ಈಚೆಗೆ ನೆನೆದರೆ ಅವರ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಡುತ್ತಿದ್ದೇನೆ, ಮಾತು ಅಸ್ಪಷ್ಟವಾಗಿ ಕೇಳುತ್ತಿದೆ. ವರ್ಷ ಕಳೆದಂತೆ ನಾನು ಆ ಫೋನಿನಿಂದ ದೂರ ಸರಿಯುತ್ತಿದ್ದೇನೆ. ಇನ್ನೆರಡು ವರ್ಷ ಬಿಟ್ಟರೆ ನಾನು ಆ ಮನೆಯಲ್ಲೇ ಇರಲಿಲ್ಲವೆಂದು ನೆನಪಾಗಬಹುದು. ಯಾರೋ 'ಫೇಕ್' ಎಂದದ್ದು, ಕರೆ ನಿಂತದ್ದು ಮಾತ್ರ ಎಲ್ಲ ಆವೃತ್ತಿಗಳಲ್ಲೂ ಇದೆ. ಮತ್ತೆ ಎರಡು ಸಲ ಫೋನ್ ಬಡಿಯಿತು. ಮೂರನೆಯ ಸಲಕ್ಕೆ ಅವರು ಅದನ್ನು ಆಫ್ ಮಾಡಿ ದಿಂಬಿನ ಕೆಳಗಿಟ್ಟರು.

ಡೈರಿ ತೆಗೆದು ನೋಡಿದೆ. ಆ ತಾರೀಖಿನಲ್ಲಿ ಒಂದೇ ಟಿಪ್ಪಣಿ, ಅದೂ ಬೆಳಗ್ಗೆ ಬರೆದದ್ದು. ಆ ದಿನದ ಹಲಗೆಯ ಮಾತು.

ಒಂದು ಗಂಟೆ ಹೇಗೋ ಕಳೆಯಿತು. ಮೊಮ್ಮಗಳ ನಂಬರಿಗೆ ನನ್ನ ಫೋನಿನಿಂದ ಮಾಡಿದರೆ ಸ್ವಿಚ್ ಆಫ್. ಮಗಳು, ಅಳಿಯ ಸುರಂಗಗಳ ದಾರಿಯಲ್ಲಿ, ಸಿಗುತ್ತಿಲ್ಲ. ಕಾಮೋಠೆಯ ಪಕ್ಕದ ಮನೆಯವರು ಹೋಗಿ ನೋಡಿ, ಬೀಗ ಇದೆ ಎಂದರು. ಮಾಮಾ ದಿಂಬಿನ ಕೆಳಗಿನ ಫೋನನ್ನು, ಕಚ್ಚೀತೇನೋ ಎಂಬಂತೆ ತೆಗೆದು ಆನ್ ಮಾಡಿದರು. ಅದೇ ನಂಬರಿನಿಂದ ಒಂದು ಫೋಟೋ ಬಂದಿತ್ತು. ಕ್ಲಿನಿಕ್ಕಿನ ಬೆಂಚು, ಹಿಂದಿನ ಗೋಡೆಯ ಮೇಲೆ ವಿಳಾಸ, ಹುಡುಗಿ, ಕಾಲಿಗೆ ಪಟ್ಟಿ, ಊದಿದ ಮುಖ.

'ಫೋಟೋ ಕೂಡ ಮಾಡ್ತಾರಂತೆ ಅಲ್ವಾ ಟೀಚ್ರೆ?' ಎಂದರು. ಅವರು ಚಪ್ಪಲಿ ಹುಡುಕತೊಡಗಿದರು. 'ಸುಳ್ಳಾದ್ರೆ ಒಂದು ಟಿಕೇಟು ಹೋಯ್ತು, ಬದ್ಲಾಪುರ ನೋಡಿದ ಹಾಗಾಯ್ತು. ನಿಜ ಆದ್ರೆ? ಈ ಬುದ್ಧಿ ಆಗ ಎಲ್ಲಿ ಹೋಗಿತ್ತು?'

ನಾವಿಬ್ಬರೂ ಹತ್ತಿದ ಲೋಕಲ್ ಕಲ್ಯಾಣ ದಾಟಿದ ಮೇಲೆ ಖಾಲಿಯಾಯಿತು. ಅವರು ಕೂರಲಿಲ್ಲ. ಬಾಗಿಲ ಕಂಬ ಹಿಡಿದು ನಿಂತು ಒಂದೊಂದೇ ಸ್ಟೇಷನ್ನಿನ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದರು. ನಡುವೆ ಒಮ್ಮೆ, 'ನನ್ನ ನಂಬರು ಅವಳಿಗೆ ಬಾಯಿಪಾಠ' ಎಂದರು. 'ನಾಲ್ಕು ವರ್ಷ ಇರುವಾಗ ನಾನೇ ಕಲಿಸಿದ್ದು. ಸ್ಟೇಷನ್ನಿನಲ್ಲಿ ತಪ್ಪಿಸ್ಕೊಂಡ್ರೆ ಬೇಕಾಗ್ತದೆ ಅಂತ. ಇಡ್ಲಿ ವಡೆ ಆರ್ಡರ್ ಕೂಗುವ ರಾಗದಲ್ಲಿ ಹೇಳ್ತಿದ್ಳು.'

ಕ್ಲಿನಿಕ್ಕು ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಗೆಳತಿಯ ಮನೆಯಿಂದ ಮರಳುವಾಗ ರಿಕ್ಷಾ ಉರುಳಿತ್ತು. ಅವಳ ಫೋನು ಚಕ್ರದಡಿಗೆ ಸಿಕ್ಕಿ ಪುಡಿಯಾಗಿತ್ತು. ಕರೆ ಮಾಡಿದ್ದು ಕಂಪೌಂಡರನ ಫೋನಿನಿಂದ. ಲೋಕದಲ್ಲಿ ಅವಳಿಗೆ ಬಾಯಲ್ಲಿ ಬರುತ್ತಿದ್ದ ನಂಬರು ಅದೊಂದೇ. ಮೂರು ಗಂಟೆ ಆ ಬೆಂಚಿನ ಮೇಲೆ ಒಬ್ಬಳೇ ಇದ್ದಳು. ನಮ್ಮನ್ನು ನೋಡಿ ಅಳಲಿಲ್ಲ. 'ಅಜ್ಜಾ, ಮೈ ಹೀ ಥೀ' ಎಂದಳು. ನಾನೇ ಆಗಿದ್ದೆ ಅಜ್ಜಾ. ಅಷ್ಟೇ.

ಮಾಮಾ ಅವಳ ಕೈ ನೋಡಿದರು, ಆಮೇಲೆ ಮುಖ. 'ಕಟ್ ಮಾಡಿದ್ದು ನಾನೇ ಮಗಾ' ಎಂದರು. ಯಾರೂ ಕೇಳಿರಲಿಲ್ಲ. ನಾನು ಬಾಗಿಲ ಬಳಿ ಔಷಧದ ಚೀಟಿ ಹಿಡಿದು ನಿಂತಿದ್ದೆ. ಆಗಲೂ ಏನೂ ಹೇಳಲಿಲ್ಲ.

ಮರುದಿನ ಹಲಗೆ ಮೊಳೆಯ ಮೇಲಿರಲಿಲ್ಲ. ಕಾಕು ಮೇಲೆ ಹತ್ತಿಬಂದು ಕೇಳಿದರೆ, 'ಹೋಟೆಲ್ ಬಂದ್' ಎಂದರಂತೆ. ಹುಡುಗಿಯ ಕಾಲು ಮೂರು ತಿಂಗಳಿಗೆ ಕೂಡಿತು. ಅಜ್ಜನೊಂದಿಗೆ ಅವಳು ಮಾತು ಬಿಡಲಿಲ್ಲ, ಮೊದಲಿಗಿಂತ ಹೆಚ್ಚೇ ಬರತೊಡಗಿದಳು. ಮಾಮಾ ಮಾತ್ರ ಫೋನ್ ಬಡಿದರೆ ಬೆಚ್ಚುವುದನ್ನು ಕೊನೆಯವರೆಗೂ ಬಿಡಲಿಲ್ಲ. ಮೊದಲು ಸುಳ್ಳು ಕರೆಯ ಭಯವಿತ್ತು. ಆಮೇಲೆ ನಿಜವಾದ ಕರೆಯ ಭಯ. ಎರಡನೆಯದು ದೊಡ್ಡದೆಂದು ನನಗೆ ಅವರನ್ನು ನೋಡಿಯೇ ತಿಳಿದದ್ದು. ನಾವಿಬ್ಬರೂ ಆ ಮಧ್ಯಾಹ್ನದ ವಿಷಯ ಮತ್ತೆ ಎತ್ತಲಿಲ್ಲ. ಕೇಳಬೇಕೆಂದು ಹಲವು ಸಲ ಮೆಟ್ಟಿಲಿಳಿದಿದ್ದೇನೆ. ಮೊಳೆ ಕಂಡು ಹಾಗೇ ಕೆಳಗಿಳಿದು ತರಕಾರಿ ತಂದಿದ್ದೇನೆ.

ಇಷ್ಟು ಬರೆದರೂ ತಿಳಿಯಲಿಲ್ಲ.

*

ಭಾನುವಾರ ಸಂಜೆ.

ಬಂದಿದ್ದಳು. ಅವಳ ಅಪ್ಪ ಅಮ್ಮ ಟೆಂಪೋದವನ ಜೊತೆ ಕೆಳಗಿದ್ದರು. ಅವಳು ನನ್ನನ್ನು ಕರೆದಳು, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಲು. ಹಲಗೆ ಮಂಚದ ಕೆಳಗೆ ಸಿಕ್ಕಿತು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದರು. ಅವಳು ಅದನ್ನು ಬದಿಗಿಟ್ಟು, ಅಜ್ಜಿಯ ಫೋಟೋ ಇಳಿಸಿ, ಖಾಲಿ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿದಳು.

'ಆಂಟಿ, ಅಜ್ಜನ ಟೀವಿ ಎಲ್ಲಿತ್ತು?'

'ಯಾಕ?' ಎಂದೆ.

'ಆವತ್ತು ಫೋನ್‌ನಲ್ಲಿ ಪೀಛೇಸೆ, ಅಜ್ಜನ ಹಿಂದಿನಿಂದ, ಒಬ್ಬರು ಲೇಡೀಸ್ ದನಿ ಬಂತು. ಫೇಕ್ ಹೈ, ಕಟ್ ಮಾಡಿ ಅಂತ. ಆಮೇಲೆ ಅಜ್ಜನ ಹತ್ತಿರ ಕೇಳಿದೆ. ಟೀವಿ ಚಾಲೂ ಇತ್ತು ಅಂತ ಹೇಳಿದ್ರು.' ಅವಳ ಬೆರಳು ಗೋಡೆಯ ಮೇಲಿತ್ತು. 'ಅಜ್ಜಿ ಹೋದ ಮೇಲೆ ಇಲ್ಲಿ ಟೀವಿ ನಾನು ನೋಡೇ ಇಲ್ಲ.'

ನನ್ನ ಕೈಯಲ್ಲಿ ಅವರ ಸ್ಟೀಲಿನ ಲೋಟ ಇತ್ತು. ನಾನು ಸೋಫಾಕ್ಕೆ ಮರಳಿದೆ, ಅಂದರೆ ನೆನಪಿನಲ್ಲಿ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅವರ ಪಕ್ಕಕ್ಕೆ. ಎರಡು ವರ್ಷ ಆ ಸುಳ್ಳನ್ನು ಅವರು ನನಗಾಗಿ ಹೊತ್ತಿದ್ದರು, ನನಗೆ ಒಂದು ಮಾತು ಹೇಳದೆ.

'ಟೀವಿ ಇರಲಿಲ್ಲ' ಎಂದೆ. 'ಅದು ನನ್ನ ದನಿ.'

ಅವಳು ಗೋಡೆಯಿಂದ ಬೆರಳು ತೆಗೆದಳು. ಕೆಳಗೆ ಟೆಂಪೋದವನು ಹಾರ್ನ್ ಹೊಡೆದ. ನಾನು ಜೀವನದಲ್ಲಿ ಅಷ್ಟು ಹೆದರಿದ್ದು ಬೇರೆ ನೆನಪಿಲ್ಲ.

'ಸ್ಪೆಷಲ್ ಏನಿತ್ತು ಆವತ್ತು?'

ಮೇಲೆ ಹೋಗಿ ಡೈರಿ ತಂದು ಓದಿದೆ: 'ಬೆಕ್ಕಿನ ಕೊರಳಿಗೆ ಕಟ್ಟುವ ಪಟ್ಟಿ. ಮಿಯಾಂವ್ ಎಂದರೆ ಏನರ್ಥ ಎಂದು ಮನುಷ್ಯರ ಮಾತಿನಲ್ಲಿ ಹೇಳುತ್ತದೆ. ಸದ್ಯ ಇಂಗ್ಲಿಷ್, ಜಪಾನಿ ಮಾತ್ರ. ತುಳುನಾಡಿನ ಬೆಕ್ಕುಗಳು ಕಾಯಬೇಕು.'

ಅವಳಿಗೆ ನಗು ಬಂತು. ನಗು ಅಲ್ಲಿಗೇ ನಿಲ್ಲದೆ ಅಳುವಾಯಿತು. ಮುಖ ಒರೆಸಿಕೊಂಡು, ಹಲಗೆಯನ್ನು ಬಗಲಿಗಿಟ್ಟುಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

'ಆಂಟಿ, ನಿಮ್ಮ ನಂಬರ್ ಹೇಳಿ.'

ಹೇಳಿದೆ. ಅವಳು ಫೋನಿನಲ್ಲಿ ಬರೆದುಕೊಳ್ಳಲಿಲ್ಲ. ಬಾಯಲ್ಲಿ ಎರಡು ಸಲ ಹೇಳಿಕೊಂಡಳು, ಎರಡನೆಯ ಸಲ ಆರ್ಡರ್ ಕೂಗುವ ರಾಗದಲ್ಲಿ. ಹೊರಟುಹೋದಳು.

ಇದನ್ನು ಬರೆಯುತ್ತಿರುವಾಗಲೇ ಗೊತ್ತಿಲ್ಲದ ನಂಬರಿನಿಂದ ಒಂದು ಕರೆ ಬಂತು. ಎತ್ತಿದೆ. ಯಂತ್ರದ ಹೆಣ್ಣುದನಿ, ಬಲು ಉಲ್ಲಾಸದಿಂದ ಪನವೇಲಿನಲ್ಲಿ ಫ್ಲ್ಯಾಟ್ ಮಾರುತ್ತಿತ್ತು. ಎರಡು ಬಾಲ್ಕನಿ, ಈಜುಕೊಳ, ಸ್ಟೇಷನ್ನಿಗೆ ಹತ್ತು ನಿಮಿಷ. ಕೊನೆಯ ಅಕ್ಷರದವರೆಗೂ ಕೇಳಿದೆ, ಅದು ತಾನಾಗಿ ನಿಲ್ಲುವವರೆಗೂ.